ಕ್ರೈಸ್ತರೋ ಅಲ್ಲವೋ ಎಂದು ಬರೆದುಕೊಡುವ ಕೆಲಸ

ಆ ಕಾಗದ ನನ್ನ ಮೇಜಿಗೆ ಬಂದದ್ದು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಸೋಮವಾರ. ತುರ್ತು ಪರಿಸ್ಥಿತಿ ಮುಗಿದು ಒಂದು ವರ್ಷವಾಗಿತ್ತು. ಒಳಬಂದ ಪ್ರತಿ ಕಾಗದದ ಮೂಲೆಯಲ್ಲಿ ವೇಳೆ ಬರೆದು ಸಹಿ ಹಾಕಬೇಕೆಂಬುದು ನಮ್ಮ ತಹಸೀಲ್ದಾರರ ಪದ್ಧತಿ. ಹಾಗಾಗಿ ಆ ವೇಳೆಯನ್ನು ಬರೆದವನು ನಾನೇ. ನನ್ನ ಕೈಬರಹದಲ್ಲೇ ಅದು ಇಂದಿಗೂ ಕಣ್ಣಮುಂದಿದೆ.

ಅದೊಂದು ಹೆಸರಿಲ್ಲದ ತಕರಾರು ಅರ್ಜಿ. ದೇವದುರ್ಗದ ಕಡೆಯ ಒಂದು ಹಳ್ಳಿಯ ರತ್ನಮ್ಮ ಎಂಬ ಹುಡುಗಿ ಹಿಂದೂ ಪರಿಶಿಷ್ಟ ಜಾತಿಯವಳೆಂದು ಪ್ರಮಾಣಪತ್ರ ಪಡೆದು, ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನೇಮಕಗೊಂಡಿದ್ದಾಳೆ. ನಿಜದಲ್ಲಿ ಅವಳು ಕ್ರೈಸ್ತಳು. ವಿಚಾರಣೆ ಮಾಡಿ ನೇಮಕ ರದ್ದು ಮಾಡಬೇಕು. ಅರ್ಜಿಯ ಕೆಳಗೆ ತಹಸೀಲ್ದಾರರು ಹಸಿರು ಶಾಯಿಯಲ್ಲಿ ಬರೆದಿದ್ದರು: ಗಿರದಾವರರು ಸ್ಥಳಕ್ಕೆ ಹೋಗಿ ವರದಿ ಕೊಡುವುದು.

ಗಿರದಾವರ ಅಂದರೆ ನಾನು. ಕಾಗದದಲ್ಲಿ ಕಂದಾಯ ನಿರೀಕ್ಷಕ ಎಂದಿದ್ದರೂ ನಮ್ಮ ರಾಯಚೂರು ಸೀಮೆಯಲ್ಲಿ ನಿಜಾಮರ ಕಾಲದ ಆ ಹೆಸರನ್ನೇ ಜನ ಹಿಡಿದಿದ್ದರು. ಈಗ ಈ ಕೆಲಸಕ್ಕೆ ಸೇರುವ ತರುಣರು ಆಗೀಗ ನನ್ನ ಬಳಿ ಬಂದು, ಆಗ ಕೆಲಸ ಹೇಗಿತ್ತು ಸರ್ ಎಂದು ಕೇಳುತ್ತಾರೆ. ಹೊಲ ಅಳೆದದ್ದು, ಬೆಳೆ ಬರೆದದ್ದು ಹೇಳಿ ಕಳಿಸುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ. ಯಾವ ಕಚೇರಿ ಎಂಬುದನ್ನು ಇಲ್ಲಿಯೂ ಬರೆಯುವುದಿಲ್ಲ, ಊರುಗಳ ಹೆಸರನ್ನೂ ಅಲ್ಲಲ್ಲಿ ಬದಲಿಸಿದ್ದೇನೆ. ಮಾನ್ವಿ, ದೇವದುರ್ಗ, ರಾಯಚೂರು ಮೂರೂ ಕಡೆ ನಾನು ದುಡಿದಿದ್ದೇನೆ. ತಪ್ಪು ನನ್ನದು, ಕಚೇರಿಯದಲ್ಲ.

ಕಾನೂನು ತಿಳಿಯದವರಿಗಾಗಿ ಎರಡು ಮಾತು. ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಆ ಜಾತಿಗೆ ಮೀಸಲಿಟ್ಟ ನೌಕರಿ ಅವರಿಗೆ ಸಿಗುವುದಿಲ್ಲ. ಕೇರಿ ಮೊದಲಿನದೇ ಇರುತ್ತದೆ, ಹೋಟೆಲಿನ ಹೊರಗೆ ಅವರಿಗಾಗಿ ಇಟ್ಟ ಬೇರೆ ಲೋಟವೂ ಅದೇ ಇರುತ್ತದೆ. ಕಾಗದದಲ್ಲಿ ಮಾತ್ರ ಜಾತಿ ಹೋಗಿರುತ್ತದೆ. ಹೀಗಾಗಿ ಕೇರಿಯ ಬಹಳ ಮಂದಿಗೆ ಎರಡು ಹೆಸರು. ಚರ್ಚಿನ ಸಭೆಯ ದಾಖಲೆಯಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು.

ನನಗೂ ಎರಡು ಹೆಸರು. ಮಾನ್ವಿಯಲ್ಲಿ ಹುಟ್ಟಿದಾಗ ಪಾದ್ರಿ ಅಯ್ಯನವರು ನೀರು ಚಿಮುಕಿಸಿ ದಾವೀದ ಎಂದು ಕರೆದರು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ನನ್ನ ತಂದೆಗೆ, "ಹುಡುಗ ಮುಂದ ಓದ್ಬೇಕೋ ಬ್ಯಾಡೋ?" ಎಂದು ಕೇಳಿ, ದೇವೇಂದ್ರಪ್ಪ, ಹಿಂದೂ ಎಂದು ಬರೆದುಕೊಂಡರು. ನಾನು ರಾಯಚೂರಿನಲ್ಲಿ ಬಿ.ಎ. ಮುಗಿಸಿದ್ದು, ನೌಕರಿ ಹಿಡಿದದ್ದು ಎರಡನೆಯ ಹೆಸರಿನಲ್ಲಿ. ಮೊದಲ ಹೆಸರಿನಿಂದ ಕರೆಯುವವರು ನನ್ನ ಅವ್ವ ಮತ್ತು ಹೆಂಡತಿ ಶಾಂತಮ್ಮ ಇಬ್ಬರೇ. ಅದೂ ಬಾಗಿಲು ಹಾಕಿದ ಮೇಲೆ. ನೌಕರಿಗೆ ಸೇರಿದ ವಾರದಿಂದ ನಾನು ಚರ್ಚಿನ ಮೆಟ್ಟಿಲು ಹತ್ತಲಿಲ್ಲ.

ಅಂಥವನ ಮೇಜಿಗೆ ಆ ಅರ್ಜಿ ಬಂತು.

ಮೊದಲ ಸಲವೇನಲ್ಲ. ಅಷ್ಟರಲ್ಲಿ ಇಂಥ ಏಳೆಂಟು ವಿಚಾರಣೆ ಮಾಡಿದ್ದೆ. ಆಗ ಈಗಿನ ಹಾಗೆ ಅಚ್ಚಾದ ನಮೂನೆ ಇರಲಿಲ್ಲ. ಗಿರದಾವರ ಹಳ್ಳಿಗೆ ಹೋಗಬೇಕು, ಮನೆ ನೋಡಬೇಕು, ನೆರೆಯವರನ್ನು ಕೇಳಬೇಕು, ಪಂಚರ ಸಹಿ ಹಾಕಿಸಿ ಪಂಚನಾಮೆ ಬರೆಯಬೇಕು. ಗಿರದಾವರ ಬರುತ್ತಾನೆಂದು ಗೊತ್ತಾದ ಕೂಡಲೇ ಕೇರಿಯವರು ಯೇಸುವಿನ ಪಟ ಇಳಿಸಿ ಜೋಳದ ಚೀಲದೊಳಗೆ ತುರುಕಿ, ಅದೇ ಮೊಳೆಗೆ ಕಿರಾಣಿ ಅಂಗಡಿಯ ಲಕ್ಷ್ಮಿ ಕ್ಯಾಲೆಂಡರ್ ಸಿಕ್ಕಿಸುತ್ತಿದ್ದರು. ಒಲೆಯ ಹೊಗೆಗೆ ಗೋಡೆಯೆಲ್ಲ ಕಪ್ಪಾಗಿರುತ್ತದೆ. ಪಟ ಇದ್ದ ಜಾಗ ಮಾತ್ರ ಬೆಳ್ಳಗೆ ಚೌಕವಾಗಿ ಉಳಿದಿರುತ್ತದೆ. ಕ್ಯಾಲೆಂಡರ್ ಆ ಚೌಕಕ್ಕಿಂತ ಸಣ್ಣದು. ನಾನು ಒಳಗೆ ಕಾಲಿಟ್ಟ ಕೂಡಲೇ ನೋಡುತ್ತಿದ್ದುದು ಅದನ್ನೇ. ನೋಡಿಯೂ ಬರೆಯುತ್ತಿರಲಿಲ್ಲ.

ನಮ್ಮ ತಹಸೀಲ್ದಾರರು ಕಲಿಸಿದ್ದು ಹಾಗೆ. ಅವರ ಹೆಸರು ಬೇಡ, ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ರಾಯಚೂರಿನ ಹಳೆಯ ಮುಸ್ಲಿಂ ಮನೆತನ. ಮನೆಯಲ್ಲಿ ದಖನಿ, ಕಚೇರಿಯಲ್ಲಿ ನಮ್ಮದೇ ಕನ್ನಡ. ಒಮ್ಮೆ ಹಿರೇಕೊಟ್ನೆಕಲ್‌ನಿಂದ ಒಂದು ಪ್ರಕರಣ ಬಂದಿತ್ತು. ಆ ಮನುಷ್ಯನಿಗೆ ಸಮುವೇಲಪ್ಪ ಎಂದೇ ಊರೆಲ್ಲ ಕರೆಯುತ್ತಿತ್ತು. ಆದರೆ ಮನೆಯಲ್ಲಿ ಜಗಲಿಯ ಮೇಲೆ ಎಲ್ಲಮ್ಮನ ಕೊಡ ಇತ್ತು, ಹಣೆಗೆ ಭಂಡಾರ. ಕ್ರಿಸ್‌ಮಸ್‌ಗೆ ಮಾತ್ರ ಹೊಸ ಧೋತರ ಉಟ್ಟು ಚರ್ಚಿಗೆ ಹೋಗುತ್ತಿದ್ದ. ಏನು ಬರೆಯಲಿ ಎಂದು ಕೇಳಿದೆ.

"ಅವನನ್ನೇ ಕೇಳಿದೇನು?" ಎಂದರು ಸಾಹೇಬರು.

"ಕೇಳಿದೆ ಸಾಹೇಬ್ರ. ಎಲ್ಲಮ್ಮ ನಮ್ಮವ್ವ, ಯೇಸಪ್ಪ ನಮ್ಮಪ್ಪ, ಇಬ್ರನ್ನೂ ಯಾಕ ಅಗಲಿಸ್ತೀರಿ ಅಂದ."

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. "ಅರೇ, ಅವನ ಮನಿ ನೆಟ್ಟಗ ಅದ, ನೀನ್ಯಾಕ ಖಾಜಿ ಆಗಿ ತಲಾಖ್ ಕೊಡಸ್ತೀ? ಹಿಂದೂ ಅಂತ ಬರಿ. ಕಾಗದಕ್ಕ ಹೊಟ್ಟಿ ತುಂಬಿದರ ಸಾಕು, ಮನುಷ್ಯಾನ್ನ ಹಸಿವಿಲೆ ಸಾಯಿಸಬ್ಯಾಡ."

ಬರೆದೆ. ಚಂದ್ರಬಂಡದ ಒಂದು ಮನೆಯಲ್ಲಿ ಮುದುಕನೊಬ್ಬ ಜ್ವರ ಬಂದರೆ ಯೇಸುವಿಗೆ, ದನ ಕಳೆದರೆ ಹನುಮಪ್ಪನಿಗೆ ದೀಪ ಹಚ್ಚುತ್ತಿದ್ದ. ಅವನ ಮಗನಿಗೂ ಹಾಗೆಯೇ ಬರೆದೆ. ಆಚರಣೆಯಿಂದ ಹಿಂದೂ ಎಂದು ಕಂಡುಬಂದಿದೆ. ಈ ಸಾಲು ನನಗೆ ಬಾಯಿಪಾಠವಾಗಿತ್ತು. ಬರೆಯುವಾಗ ನನ್ನ ಬಗ್ಗೆಯೇ ಬರೆದುಕೊಳ್ಳುತ್ತಿದ್ದೇನೆ ಅನ್ನಿಸಿ ಒಂದು ಥರದ ಸಮಾಧಾನವೂ ಆಗುತ್ತಿತ್ತು. ರತ್ನಮ್ಮನಿಗೂ ಅದೇ ಸಾಲು ಬರೆಯುವುದೆಂದು ಹೊರಟೆ.

ಗುರುವಾರ ಗಬ್ಬೂರಿನಲ್ಲಿ ಬಸ್ಸಿಳಿದು ನಡೆದುಕೊಂಡು ಹೋದೆ. ಗ್ರಾಮ ಲೆಕ್ಕಿಗ ಬಸಲಿಂಗಪ್ಪ ಊರ ಹೊರಗೇ ಕಾಯುತ್ತಿದ್ದ. ಹಣೆ ತುಂಬ ವಿಭೂತಿ, ಕೈಯಲ್ಲಿ ಛತ್ರಿ, ಬಾಯಿ ತುಂಬ ಮಾತು. ಅಲ್ಲಿನ ಅಕ್ಕಿ ಗಿರಣಿಯೊಂದರ ಮಾಲೀಕರ ಸಂಬಂಧಿಕ. ಕೆಟ್ಟವನಲ್ಲ. ಆದರೆ ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ನಾಲ್ಕು ಊರು ಸುತ್ತುತ್ತಿತ್ತು. ಊರಿನ ಇಬ್ಬರು ರೈತರನ್ನು ಪಂಚರೆಂದು ಕರೆತಂದಿದ್ದ.

ರತ್ನಮ್ಮನ ಮನೆಯಲ್ಲಿ ಇದ್ದವರು ಅವಳು ಮತ್ತು ಅವಳ ಅಜ್ಜಿ ಎಲಿಸವ್ವ. ತಂದೆ ತಾಯಿ ತೀರಿಕೊಂಡಿದ್ದರು. ಬಸಲಿಂಗಪ್ಪ ಮತ್ತು ಪಂಚರು ಒಳಗೆ ಬರಲಿಲ್ಲ. ಆ ಕೇರಿಯ ಹೊಸ್ತಿಲು ಅವರು ದಾಟುವುದಿಲ್ಲ. ಬಾಗಿಲ ಎದುರಿನ ಕಟ್ಟೆಯ ಮೇಲೆ ಟವಲು ಹಾಸಿ ಕೂತರು. ಒಳಗಿನ ಮಾತೆಲ್ಲ ಅಲ್ಲಿಗೆ ಕೇಳುತ್ತಿತ್ತು.

ನಾನು ಗೋಡೆ ನೋಡಿದೆ. ಬೆಳ್ಳನೆಯ ಚೌಕ ಇರಲಿಲ್ಲ. ಗೋಡೆಯನ್ನೆಲ್ಲ ಹೊಸದಾಗಿ ಸಾರಿಸಿದ್ದರು. ರತ್ನಮ್ಮ ಹಣೆಗೆ ಕುಂಕುಮ ಇಟ್ಟು, ಹಸಿರು ಬಳೆ ತೊಟ್ಟು ನಿಂತಿದ್ದಳು. ಇಪ್ಪತ್ತೊಂದು ವಯಸ್ಸಿರಬಹುದು. ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಕೊಟ್ಟಳು. ಹಬ್ಬ ಯಾವುದು ಮಾಡುತ್ತೀರಿ? "ಯುಗಾದಿ, ಕಾರಹುಣ್ಣಿಮಿ, ದಸರಾ ರೀ." ಮನೆದೇವರು? "ಮಾರೆಮ್ಮ ರೀ." ಹೊರಗಿನಿಂದ ಪಂಚರೊಬ್ಬರು, "ಹೌದ್ರಿ, ನಮ್ಮೂರ ಮಾರೆಮ್ಮಗ ಇವರ ಮನ್ಯಾಗಿಂದ ಎಡಿ ಬರ್ತದ" ಎಂದು ಕೂಗಿ ಹೇಳಿದರು. ಅದು ನಿಜವೇ ಇತ್ತು. ಪಂಚನಾಮೆಯಲ್ಲಿ ಅಷ್ಟನ್ನೂ ಬರೆದೆ. ಇನ್ನೊಂದೇ ಸಾಲು, ನನ್ನ ಬಾಯಿಪಾಠದ ಸಾಲು, ಉಳಿದಿತ್ತು.

"ಯಪ್ಪಾ, ಉಣ್ಣದ ಹೋಗಬಾರದು," ಎಂದಳು ಎಲಿಸವ್ವ. "ನಮ್ಮ ಮಂದ್ಯಾಗ ಇಷ್ಟ ದೊಡ್ಡ ಸಾಹೇಬಾ ಆಗಿ ಬಂದಾನ. ನನ್ನ ಕಣ್ಣಿಲೆ ನೋಡ್ದೆ, ಸಾಕು. ಕೂಡು." ನನ್ನ ಜಾತಿ ಅವಳಿಗೆ ಗೊತ್ತಿತ್ತು. ಅದನ್ನು ಎಲ್ಲರೂ ತಿಳಿದಿದ್ದರು. ಇನ್ನೊಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಅವಳು ಬಾಗಿಲಿಗೆ ಬಂದು, "ಬಸಲಿಂಗಪ್ಪಗೌಡ್ರ, ನೀವೂ ಎರಡು ರೊಟ್ಟಿ ತಿನ್ರಲ್ಲ" ಎಂದಳು.

"ಇಲ್ಲಬೇ, ನಂದು ಇವತ್ತ ಉಪವಾಸ."

"ಪಾಪ, ನಮ್ಮ ಕೇರಿಗೆ ಬಂದಾಗೆಲ್ಲ ನಿಮಗ ಉಪವಾಸ. ಹಿಂಗಾದರ ಸೊರಗತೀರಿ ನೋಡ್ರಿ."

ಪಂಚರು ನಕ್ಕರು. ಬಸಲಿಂಗಪ್ಪನೂ ನಕ್ಕ. ನಾನು ಗೋಡೆಗೆ ಒರಗಿ ಕೂತೆ. ಎಲ್ಲ ಸಲೀಸಾಗಿತ್ತು.

ಗಂಗಾಳದಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಆಮೇಲೆ ಮುದುಕಿ ನನ್ನ ಎದುರು ಕುಕ್ಕುರುಗಾಲಿನಲ್ಲಿ ಕೂತು, ಸೆರಗು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿದಳು. ರತ್ನಮ್ಮ, "ಯವ್ವಾ" ಎಂದು ಮೆಲ್ಲಗೆ ತಡೆಯಲು ಹೋದಳು. ಮುದುಕಿಗೆ ಕೇಳಿಸಲಿಲ್ಲ. ಎರಡು ದಿನದಿಂದ ಮೊಮ್ಮಗಳು ಹೇಳಿಕೊಟ್ಟದ್ದು ಅವಳಿಗೆ ಆ ಕ್ಷಣ ಮರೆತುಹೋಗಿತ್ತು. ಅನ್ನ ಮುಂದಿದ್ದಾಗ ಅವಳು ಬದುಕಿನುದ್ದಕ್ಕೂ ಮಾಡಿದ್ದು ಅದೊಂದೇ.

"ಪರಲೋಕದಾಗಿರೋ ನಮ್ಮಪ್ಪಾ, ಇವತ್ತಿನ ರೊಟ್ಟಿ ಕೊಟ್ಟಿ. ಹೊಲದಾಗ ದುಡದ ಕೈ ಕಾಯಿ. ಹಸದು ಬಂದವರ ಹೊಟ್ಟಿ ತಂಪು ಮಾಡು. ಈ ಮಗ ದಾರಿ ನಡದು ಬಂದಾನ, ಇವನ ಕಾಲಿಗೆ ಮುಳ್ಳು ಹತ್ತಬಾರದು. ಯೇಸಪ್ಪನ ಹೆಸರಿಲೆ ಬೇಡ್ಕೋತೀನಿ."

"ಆಮೆನ್," ಎಂದೆ ನಾನು.

ನನ್ನ ಅವ್ವ ಉಣ್ಣುವ ಮುಂಚೆ ಹೇಳುತ್ತಿದ್ದುದು ಬಹುಮಟ್ಟಿಗೆ ಇವೇ ಮಾತು, ಇದೇ ರಾಗ. ಬಾಯಿ ತಾನಾಗಿ ಅಂದಿತು. ಗಟ್ಟಿಯಾಗಿಯೇ ಅಂದಿತು. ಕಣ್ಣು ತೆರೆದಾಗ, ನಾನು ಕಣ್ಣನ್ನೂ ಮುಚ್ಚಿದ್ದೆ ಎಂಬುದು ತಿಳಿಯಿತು. ರತ್ನಮ್ಮ ತುಟಿ ಬಿಗಿದುಕೊಂಡು ನಿಂತಿದ್ದಳು. ನೌಕರಿ ಹೋಗಬಾರದೆಂದು ಆ ಒಂದು ಶಬ್ದವನ್ನು ಅವಳು ತಡೆದು ಹಿಡಿದಿದ್ದಳು. ಅವಳು ನನ್ನನ್ನು ನೋಡಿದ ನೋಟದಲ್ಲಿ ಮೊದಲು ಆಶ್ಚರ್ಯ ಇತ್ತು, ಆಮೇಲೆ ಒಂದು ಥರದ ಖುಷಿ. ಉಳಿದೆವು ಎಂದುಕೊಂಡಳೇನೋ. ಮುದುಕಿ ಮಾತ್ರ ಏನೂ ಆಗದವಳಂತೆ, "ಉಣ್ಣಪ್ಪಾ" ಎಂದಳು.

ಹೊರಗೆ ಕಟ್ಟೆಯ ಮೇಲೆ ಮಾತು ನಿಂತುಹೋಗಿತ್ತು.

ನಾನು ಎಷ್ಟು ರೊಟ್ಟಿ ತಿಂದೆನೋ, ಹೇಗೆ ಎದ್ದೆನೋ ನೆನಪಿಲ್ಲ. ಪಂಚನಾಮೆಯ ಕೊನೆಯ ಸಾಲಿನ ಜಾಗ ಖಾಲಿ ಬಿಟ್ಟೇ ಸಹಿ ಹಾಕಿಸಿಕೊಂಡೆ. ಗಬ್ಬೂರಿನ ದಾರಿಯಲ್ಲಿ ಬಸಲಿಂಗಪ್ಪ ಬಹಳ ಹೊತ್ತು ಸುಮ್ಮನೆ ನಡೆದ. ಅವನು ಸುಮ್ಮನಿದ್ದದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

"ಸಾಹೇಬ್ರ, ನೀವು ಮಿಷನ್ ಸಾಲ್ಯಾಗ ಕಲ್ತೀರೇನ್ರಿ?" ಎಂದ ಕೊನೆಗೆ.

"ಹೌದು," ಎಂದೆ. ಅದು ಸುಳ್ಳು. ನಾನು ಕಲಿತದ್ದು ಸರಕಾರಿ ಶಾಲೆಯಲ್ಲಿ.

"ಅದ ಅಂದ್ಕೊಂಡೆ. ರೂಢಿ ಬಿಡಂಗಿಲ್ಲ ನೋಡ್ರಿ." ಛತ್ರಿ ಬಿಚ್ಚಿ ನನ್ನ ತಲೆಯ ಮೇಲೂ ಹಿಡಿದ. "ಮತ್ತ ಆ ಮುದುಕಿ ಪ್ರಾರ್ಥನಾ ಮಾಡಿದ್ದು ನಾವು ಮೂರು ಮಂದಿ ಕೇಳೀವ್ರಿ. ಅದನ್ನ ಬರೀತೀರಲ್ಲ?"

ಅವನು ಸಹಜವಾಗಿ ಕೇಳಿದನೋ, ಬೆದರಿಸಿದನೋ? ಎಷ್ಟೋ ವರ್ಷ ಆ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದೇನೆ. ಈಗ ಅನ್ನಿಸುತ್ತದೆ, ಅವನು ಸುಮ್ಮನೆ ಕೇಳಿದ್ದ. ಆಗ ಮಾತ್ರ ಅದು ಬೆದರಿಕೆಯಂತೆಯೇ ಕೇಳಿಸಿತು. ಬರೆಯದಿದ್ದರೆ, ಗಿರದಾವರ ತನ್ನವರನ್ನು ಉಳಿಸಿದ ಎನ್ನುತ್ತಾರೆ. ತನ್ನವರು ಅಂದರೆ ಯಾರು ಎಂದು ಇನ್ನೊಬ್ಬ ಕೇಳುತ್ತಾನೆ. ಮಾನ್ವಿಗೆ ಹೋಗಿ ಸಭೆಯ ದಾಖಲೆ ತೆಗೆಸಲು ಒಂದು ದಿನ ಸಾಕು.

ಕಚೇರಿಗೆ ಬಂದು ವರದಿ ಬರೆದೆ. ಮನೆಯಲ್ಲಿ ಕ್ರೈಸ್ತ ವಿಧಿಯ ಪ್ರಾರ್ಥನೆ ನಡೆಯುವುದನ್ನು ಖುದ್ದಾಗಿ ಕಂಡಿದ್ದೇನೆ. ಪಂಚರೂ ಕೇಳಿದ್ದಾರೆ. ಸದರಿಯವಳು ಹುಟ್ಟಿನಿಂದಲೂ ಆಚರಣೆಯಿಂದಲೂ ಕ್ರೈಸ್ತಳು. ಸಾಹೇಬರು ಓದಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಹಿರೇಕೊಟ್ನೆಕಲ್‌ದವನಿಗೆ ಒಂದು, ಈ ಹುಡುಗಿಗೆ ಒಂದು? ಏನಾತು ನಿನಗ?"

"ಕಣ್ಣಾರೆ ನೋಡೀನಿ ಸಾಹೇಬ್ರ."

"ಅವಾಗೂ ನೋಡಿದ್ದಿ." ಪಂಚರ ಸಹಿ ಇದ್ದ ವರದಿಯನ್ನು ಅವರು ತಿರುಗಿಸುವಂತಿರಲಿಲ್ಲ. ಮೇಲಕ್ಕೆ ಕಳಿಸಿದರು.

ನೇಮಕ ರದ್ದಾಯಿತು. ಅದಾಗಿ ಹತ್ತು ದಿನಕ್ಕೆ ರತ್ನಮ್ಮ ಕಚೇರಿಗೆ ಬಂದಳು. ಮಧ್ಯಾಹ್ನ ಮೂರರ ಹೊತ್ತು, ಕೋಣೆ ತುಂಬಿತ್ತು. ಇಬ್ಬರು ಗುಮಾಸ್ತರು, ಜವಾನ, ಪಹಣಿಗೆ ಬಂದ ನಾಲ್ಕಾರು ರೈತರು. ಬಾಗಿಲ ಬಳಿ ಬಸಲಿಂಗಪ್ಪ. ಅವಳ ಹಣೆಯಲ್ಲಿ ಕುಂಕುಮ ಇರಲಿಲ್ಲ. ನನ್ನ ಮೇಜಿನ ಮುಂದೆ ನಿಂತಳು.

"ನೀವು ಬರದದ್ದು ಸುಳ್ಳಲ್ಲ ರೀ ಸರ್," ಎಂದಳು. "ಜಗಳಾಕ ಬಂದಿಲ್ಲ ನಾನು. ಒಂದು ಮಾತು ಕೇಳಬೇಕಾಗಿತ್ತು. ಆ ದಿನ ನೀವು ನಮ್ಮ ಮನ್ಯಾಗ ಉಣ್ಣಾಕ ಕುಂತಾಗ..."

ನಾನು ಮೇಜಿನ ಅಂಚು ಹಿಡಿದುಕೊಂಡೆ. ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದ್ದರು. ಇನ್ನೊಂದೇ ಶಬ್ದ ಅವಳ ಬಾಯಿಂದ ಬಂದಿದ್ದರೆ ನನ್ನ ನೌಕರಿ, ಮನೆ, ಮಕ್ಕಳ ಶಾಲೆ ಎಲ್ಲ ಆ ಕೋಣೆಯಲ್ಲೇ ಮುಗಿಯುತ್ತಿತ್ತು. ಅವಳು ನನ್ನ ಕೈ ನೋಡಿದಳು. ಸುತ್ತಲೂ ನೋಡಿದಳು. ಬಾಗಿಲ ಬಳಿಯ ಬಸಲಿಂಗಪ್ಪನನ್ನೂ ನೋಡಿದಳು.

"ರೊಟ್ಟಿ ಅರ್ಧಕ್ಕ ಬಿಟ್ಟು ಎದ್ರಿ ನೀವು. ನಮ್ಮಜ್ಜಿಗ ಭಾಳ ಬ್ಯಾಸರಾತು. ಏನ್ ಕಮ್ಮಿ ಆಗಿತ್ತು, ಕೇಳ್ಕೊಂಡು ಬಾ ಅಂದ್ಲು."

"ಏನೂ ಕಮ್ಮಿ ಆಗಿರಲಿಲ್ಲ," ಎಂದೆ.

"ಹಂಗ ಹೇಳ್ತೀನ್ರಿ," ಎಂದು ಹೊರಟುಹೋದಳು.

ನನ್ನನ್ನು ಮುಗಿಸುವ ಶಬ್ದ ಅವಳ ಬಳಿ ಇತ್ತು. ಅವಳು ಅದನ್ನು ಬಳಸಲಿಲ್ಲ. ಅವಳನ್ನು ಮುಗಿಸುವ ಶಬ್ದವನ್ನು ನಾನು ಬಳಸಿದ್ದೆ. ಅಂದಿನಿಂದ ನನ್ನ ನಿದ್ದೆ ಹೋಯಿತು.

ಮೊದಲ ವರ್ಷ ಹುಚ್ಚನಂತೆ ಇದ್ದೆ. ಶನಿವಾರ ತಪ್ಪದೆ ಹನುಮಪ್ಪನ ಗುಡಿಗೆ ಹೋಗಲು ಶುರುಮಾಡಿದೆ, ಅದೂ ಬಸಲಿಂಗಪ್ಪನ ಜೊತೆಯಲ್ಲಿ. ಹಣೆಗೆ ಅಡ್ಡ ವಿಭೂತಿ. ಕಚೇರಿಯವರನ್ನೆಲ್ಲ ಕರೆದು ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆ. ಪೂಜೆಗೆ ದಂಪತಿಗಳು ಕೂಡಬೇಕು. ಶಾಂತಮ್ಮ ಅಡುಗೆಮನೆಯಿಂದ ಬರಲಿಲ್ಲ.

"ಬಾ, ಮಂದಿ ನೋಡಾಕತ್ತಾರ," ಎಂದು ಒಳಗೆ ಹೋಗಿ ಪಿಸುಗುಟ್ಟಿದೆ.

"ನೋಡ್ಲಿ ಅಂತನ ಮಾಡಾಕತ್ತೀರಲ್ಲ," ಎಂದಳು. "ನಾ ಬರ್ತೀನಿ. ಕುಂಕುಮ ಹಚ್ಕೋತೀನಿ, ಕೈ ಮುಗೀತೀನಿ. ಆದರ ಒಂದು ಹೇಳ್ರಿ ದಾವೀದ. ಆಕಿ ನೌಕರಿ ಹೋತು, ನಿಮ್ಮದು ಉಳೀತು. ಇನ್ನ ಯಾವ ದೇವರ ಮುಂದ ಕುಂತರ ಏನಾಗಬೇಕಾಗೇದ?"

ಬಂದು ಕೂತಳು. ಕೈ ಮುಗಿದಳು. ಅಂದಿನಿಂದ ಬಾಗಿಲು ಹಾಕಿದ ಮೇಲೂ ಅವಳು ನನ್ನನ್ನು ಆ ಹೆಸರಿನಿಂದ ಕರೆಯಲಿಲ್ಲ. ಅವಳ ಬೈಬಲ್ ಅಕ್ಕಿ ಡಬ್ಬಿಯಲ್ಲಿತ್ತು. ಅದನ್ನು ಅವಳು ಓದುತ್ತಿದ್ದದ್ದು ನಾನು ಕಚೇರಿಗೆ ಹೋದ ಮೇಲೆ.

ಎಂಬತ್ತರ ದಶಕದ ಆರಂಭದಲ್ಲಿ ಮಾನ್ವಿಯಲ್ಲಿ ಅವ್ವ ತೀರಿಕೊಂಡಳು. ಸಭೆಯವರೇ ಹೊತ್ತರು. ಮಣ್ಣು ಮಾಡುವ ಜಾಗಕ್ಕೆ ಮೋಟುಗೋಡೆ, ಕಬ್ಬಿಣದ ಗೇಟು. ತಾಲೂಕು ಕಚೇರಿಯಿಂದ ನಾಲ್ಕೈದು ಮಂದಿ ಸಮಾಧಾನ ಹೇಳಲು ಬಂದಿದ್ದರು. ಅವರು ಗೇಟಿನ ಹೊರಗೆ ನಿಂತರು. ನಾನೂ ಅವರ ಜೊತೆ ನಿಂತೆ. ಯಾರೋ ಕೇಳಿದರು, ಇದೇನು, ಪಾದ್ರಿ ಬಂದಿದ್ದಾರೆ? ಮುದುಕಿ ಕೊನೆಗಾಲದಲ್ಲಿ ಆ ಕಡೆ ವಾಲಿದ್ದಳು ಎಂದೆ. ಅವ್ವನ ಪೆಟ್ಟಿಗೆ ಇಳಿಸುವಾಗ ಪಾದ್ರಿ ಅಯ್ಯನವರು ಓದುವುದನ್ನು ನಿಲ್ಲಿಸಿ ಗೋಡೆಯಾಚೆಗೆ ನನ್ನನ್ನು ನೋಡಿದರು. ನನಗೆ ನೀರು ಚಿಮುಕಿಸಿದವರು ಅವರೇ. ಮೊದಲ ಹಿಡಿ ಮಣ್ಣು ಮಗ ಹಾಕಬೇಕು. ಕಾದರು. ನಾನು ಕದಲಲಿಲ್ಲ. ಕೊನೆಗೆ ಶಾಂತಮ್ಮ ಸೆರಗು ಬಿಗಿದು ಒಳಗೆ ಹೋಗಿ ಹಾಕಿದಳು. ಎಲ್ಲರೂ ಹೋದ ಮೇಲೆ ನಾನೊಬ್ಬನೇ ಗೇಟಿಗೆ ಬಂದೆ. ಬೀಗ ಹಾಕಿದ್ದರು.

ರತ್ನಮ್ಮನನ್ನು ಆಮೇಲೆ ಒಂದೇ ಸಲ ಕಂಡೆ, ಗಬ್ಬೂರಿನ ಬಸ್ ನಿಲ್ದಾಣದಲ್ಲಿ. ಹೊಲಿಗೆ ಯಂತ್ರದ ತಲೆಯನ್ನು ಚೀಲದಲ್ಲಿ ಸುತ್ತಿಕೊಂಡು ಕೂತಿದ್ದಳು. ರಿಪೇರಿಗೆ ರಾಯಚೂರಿಗೆ ಒಯ್ಯುತ್ತಿದ್ದಳು. ಎಲಿಸವ್ವ ಹೋಗಿ ಎರಡು ವರ್ಷವಾಯಿತೆಂದಳು. ಸರಕಾರಿ ನೌಕರಿಯ ವಯಸ್ಸು ದಾಟಿತೆಂದು ಅವಳು ಹೇಳಲಿಲ್ಲ, ನಾನೇ ಲೆಕ್ಕ ಹಾಕಿಕೊಂಡೆ. ಭಾನುವಾರ ಕೇರಿಯ ಮಕ್ಕಳಿಗೆ ಓದು ಹೇಳಿಕೊಡುತ್ತಾಳಂತೆ. ನಾನು ಹೇಳಬೇಕೆಂದುಕೊಂಡದ್ದನ್ನು ಹೇಳುವ ಮೊದಲೇ ಬಸ್ಸು ಬಂತು. ಯಂತ್ರ ಎತ್ತಿಕೊಡಲು ಕೈ ಚಾಚಿದೆ. "ಬ್ಯಾಡ್ರಿ ಸರ್, ನನಗ ಒಜ್ಜೆ ಆಗಂಗಿಲ್ಲ," ಎಂದು ಹತ್ತಿಹೋದಳು.

ಅದಾದ ಮೇಲೆ ನನ್ನನ್ನು ರಾಯಚೂರಿಗೆ ಹಾಕಿದರು. ಅಷ್ಟರಲ್ಲಿ ಪದ್ಧತಿ ಬದಲಾಗಿತ್ತು. ಜಾತಿ ವಿಚಾರಣೆಗೆ ಟೈಪ್ ಮಾಡಿದ ನಮೂನೆ, ಅದರಲ್ಲಿ ಪ್ರಶ್ನೆಗಳು, ಪಕ್ಕದಲ್ಲಿ ಹೌದು, ಇಲ್ಲ. ಗೋಡೆ ನೋಡುವ ಕೆಲಸವಿಲ್ಲ, ಯಾರ ಮನೆಯಲ್ಲೂ ಉಣ್ಣುವ ಕೆಲಸವಿಲ್ಲ. ಒಳ್ಳೆಯ ಪದ್ಧತಿ ಎಂದುಕೊಂಡಿದ್ದೆ. ಒಂದು ದಿನ ಆ ನಮೂನೆ ನನ್ನ ಹೆಸರಿಗೇ ಬಂತು. ಮತ್ತೆ ಹೆಸರಿಲ್ಲದ ಅರ್ಜಿ. ದೇವೇಂದ್ರಪ್ಪ ಎಂಬವರ ನಿಜ ಹೆಸರು ದಾವೀದ.

ಯಾರು ಬರೆದರೋ ಇಂದಿಗೂ ತಿಳಿಯದು. ಓದುತ್ತಿದ್ದ ಹಾಗೆ ಹೆದರಿಕೆಯಾಯಿತು, ಆದರೆ ಮುಗಿಯಿತಲ್ಲ ಎಂದೂ ಅನ್ನಿಸಿತು. ಅಂದು ಸಂಜೆ ಒಂದು ಹಾಳೆಯಲ್ಲಿ ಬರೆದೆ: ನಾನು ಕ್ರೈಸ್ತ. ದೀಕ್ಷಾಸ್ನಾನದ ಹೆಸರು ದಾವೀದ. ರತ್ನಮ್ಮ ಎಂಬವರ ವಿಷಯದಲ್ಲಿ ನಾನು ಕೊಟ್ಟ ವರದಿ ನನ್ನನ್ನು ಉಳಿಸಿಕೊಳ್ಳಲು ಬರೆದದ್ದು. ಶಾಂತಮ್ಮನಿಗೆ ಓದಿ ಹೇಳಿದೆ. ಅವಳು ಹಾಳೆಯನ್ನು ಮಡಚಿ ನನ್ನ ಅಂಗಿಯ ಕಿಸೆಯಲ್ಲಿಟ್ಟಳು. ಎಷ್ಟೋ ವರ್ಷಗಳ ಮೇಲೆ ಅಂದು ನನ್ನನ್ನು ದಾವೀದ ಎಂದು ಕರೆದಳು.

ವಿಚಾರಣೆಗೆ ಬಂದವನು ತರುಣ ಅಧಿಕಾರಿ. ಮೈಸೂರು ಕಡೆಯವನು, ಬಹಳ ಮರ್ಯಾದಸ್ಥ. ಮನೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ನಮೂನೆ ತೆರೆದ.

"ಚರ್ಚಿಗೆ ಹೋಗುತ್ತೀರಾ ಸರ್?"

"ಇಲ್ಲ."

"ಮನೆಯಲ್ಲಿ ಪ್ರಾರ್ಥನೆ?"

"ನಾನು ಮಾಡುವುದಿಲ್ಲ."

"ಹಬ್ಬಗಳು?"

"ದೀಪಾವಳಿ, ಯುಗಾದಿ. ಸತ್ಯನಾರಾಯಣ ಪೂಜೆ ಮಾಡಿದ್ದೇನೆ." ಹಾಳೆ ಕಿಸೆಯಲ್ಲಿತ್ತು. ಅದರ ಮೇಲೆ ಕೈ ಇಟ್ಟೆ. "ನೋಡಿ, ನಾನು ಹುಟ್ಟಿದ್ದು..."

"ಹುಟ್ಟು ಈ ಕಾಲಮಿನಲ್ಲಿ ಇಲ್ಲ ಸರ್. ಈಗ ಏನು ಮಾಡುತ್ತೀರಿ ಅಂತ ಮಾತ್ರ." ಅವನು ಫೈಲಿನಿಂದ ಒಂದು ಪತ್ರ ತೆಗೆದ. "ಮಾನ್ವಿಯ ಪಾದ್ರಿಗಳಿಂದ ತರಿಸಿಕೊಂಡಿದ್ದೇನೆ. ನೋಡಿ."

ನನಗೆ ನೀರು ಚಿಮುಕಿಸಿದ ಕೈ ಬರೆದ ಅಕ್ಷರ. ಈ ಹೆಸರಿನ ವ್ಯಕ್ತಿ ನಮ್ಮ ಸಭೆಯ ಸದಸ್ಯನಲ್ಲ. ಆತನ ತಾಯಿ ನಮ್ಮವಳಾಗಿದ್ದಳು. ಆತ ಆಕೆಯ ಮಣ್ಣಿಗೂ ಒಳಗೆ ಬರಲಿಲ್ಲ. ನಮ್ಮ ದಾಖಲೆಯಿಂದ ಹೆಸರನ್ನು ತೆಗೆದುಹಾಕಲಾಗಿದೆ.

ಇನ್ನು ಬಸಲಿಂಗಪ್ಪನ ಹೇಳಿಕೆ ಇತ್ತು. ಅಷ್ಟು ದೂರದಿಂದ ತಾನಾಗಿ ಬಂದು ಕೊಟ್ಟುಹೋಗಿದ್ದ. "ಪ್ರತಿ ಶನಿವಾರ ಇವರು ನನ್ನ ಜೋಡಿ ಹನುಮಪ್ಪನ ಗುಡಿಗೆ ಬರುತ್ತಿದ್ದರು. ಇವರಂಥ ದೈವಭಕ್ತರನ್ನು ನಾನು ಕಂಡಿಲ್ಲ." ಅವನು ಎಂದೂ ನನ್ನನ್ನು ಹಿಡಿದುಕೊಡಲು ಹೊಂಚುಹಾಕಿರಲಿಲ್ಲ. ಇಷ್ಟು ವರ್ಷ ನಾನು ಹೆದರಿ ಸತ್ತದ್ದು ಯಾರಿಗೆ?

"ನೀವು ಕ್ರೈಸ್ತರು ಅನ್ನೋದಕ್ಕೆ ಒಂದು ಆಧಾರವೂ ಇಲ್ಲ ಸರ್," ಎಂದು ಆ ಹುಡುಗ ನಕ್ಕ. "ಇಂಥ ಅರ್ಜಿ ಬರೆಯುವವರಿಗೆ ಕೆಲಸ ಇಲ್ಲ. ಇಲ್ಲಿ ಸಹಿ ಹಾಕಿ."

ಆಗಲೂ ಹೇಳಬಹುದಿತ್ತು. ಹಾಳೆ ತೆಗೆದು ಮೇಜಿನ ಮೇಲಿಟ್ಟರೆ ಸಾಕಿತ್ತು. ರತ್ನಮ್ಮನ ಪ್ರಕರಣ ಮತ್ತೆ ತೆರೆಯುತ್ತಿತ್ತೋ ಇಲ್ಲವೋ, ಒಂದು ದಾಖಲೆಯಾದರೂ ಉಳಿಯುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಶಾಂತಮ್ಮ ನಿಂತಿದ್ದಳು. ಅವನು ಪೆನ್ನಿನ ಮುಚ್ಚಳ ತೆಗೆದು ನನ್ನತ್ತ ಚಾಚಿದ. ನಾನು ಸಹಿ ಹಾಕಿದೆ. ಅವನ ಪ್ರಶ್ನೆಗಳಿಗೆ ಒಂದೂ ಸುಳ್ಳು ಉತ್ತರ ಕೊಟ್ಟಿರಲಿಲ್ಲ. ಕೆಳಗಿನ ಷರಾದಲ್ಲಿ ಅವನು ಬರೆದ: ಆಚರಣೆಯಿಂದ ಹಿಂದೂ ಎಂದು ಕಂಡುಬಂದಿದೆ.

ಅಂತಿಮ ಆದೇಶ ಒಂದು ಶನಿವಾರ ಕೈಗೆ ಬಂತು. ಅರ್ಜಿ ವಜಾ. ಮನೆಗೆ ಬಂದು ಊಟ ಮಾಡಿ ಮಲಗಿದೆ. ಭಾನುವಾರ ಬೆಳಿಗ್ಗೆ ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಮೊಣಕಾಲಿನ ಮೇಲೆ ಬಿದ್ದಿತ್ತು. ಹಾಲಿನವನು ಬಂದು ಹೋಗಿದ್ದ. ಬೀದಿಯ ನಳದಲ್ಲಿ ನೀರು ಬಂದು ನಿಂತಿತ್ತು. ಅದೇನೂ ನನಗೆ ಕೇಳಿರಲಿಲ್ಲ. ಮೈಯೆಲ್ಲ ಹಗುರ. ಎಷ್ಟು ವರ್ಷವಾಯಿತು ಇಂಥ ನಿದ್ದೆ ಮಾಡಿ ಎಂದು ಎಣಿಸುತ್ತ ಹಾಗೇ ಮಲಗಿದ್ದೆ.

ಎಣಿಸುವಾಗ ತಿಳಿಯಿತು. ನಿದ್ದೆ ಇಲ್ಲದ್ದನ್ನು ನಾನು ಇಷ್ಟು ದಿನ ಮನಸ್ಸಾಕ್ಷಿ ಎಂದುಕೊಂಡಿದ್ದೆ. ರತ್ನಮ್ಮನ ಅನ್ನ ಕಿತ್ತದ್ದಕ್ಕೆ ಹೀಗಾಗಿದೆ ಎಂದು ಶಾಂತಮ್ಮನಿಗೂ ಹೇಳಿದ್ದೆ, ನಾನೂ ನಂಬಿದ್ದೆ. ಅಷ್ಟೊಂದು ನೋವು ಪಡುವವನು ತೀರ ಕೆಟ್ಟವನಲ್ಲ ಎಂಬ ಸಮಾಧಾನ ಅದರಲ್ಲಿತ್ತು. ರತ್ನಮ್ಮ ಅಂದೂ ಹೊಲಿಗೆ ಯಂತ್ರದ ಮುಂದೆಯೇ ಇದ್ದಳು. ಅವಳಿಗೆ ಏನೂ ಮರಳಿ ಬಂದಿರಲಿಲ್ಲ. ನನ್ನ ಹೆದರಿಕೆ ಹೋಗಿತ್ತು, ನಿದ್ದೆ ಬಂದಿತ್ತು.

ಶಾಂತಮ್ಮ ಚಹಾ ತಂದಿಟ್ಟಳು. ಚರ್ಚಿಗೆ ಹೋಗಲು ಬಿಳಿ ಸೀರೆ ಉಟ್ಟಿದ್ದಳು, ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟು.

"ರಾತ್ರಿ ಒಮ್ಮಿನೂ ಏಳಲಿಲ್ಲಲ್ಲ ನೀವು," ಎಂದಳು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅವಳಿಗೂ ತಿಳಿಯಿತು. ಬೈಬಲ್ ತೆಗೆದುಕೊಂಡು ಹೊರಟುಹೋದಳು.